ಹೊಟ್ಟೆಯ ಕೊಬ್ಬಿನಿಂದ ಸ್ತನ ಮರುರಚನೆ: ಆಪರೇಷನ್ ನಂತರದ ಆರೈಕೆ

ಡೀಪ್ ಫ್ಲ್ಯಾಪ್ ಎಂದರೆ ಹೊಕ್ಕುಳ ಕೆಳಗಿನ ಚರ್ಮ, ಕೊಬ್ಬನ್ನು ರಕ್ತನಾಳಗಳ ಸಮೇತ ತೆಗೆದು, ಸೂಕ್ಷ್ಮದರ್ಶಕದಡಿ ಎದೆಯ ರಕ್ತನಾಳಗಳಿಗೆ ಜೋಡಿಸಿ ಹೊಲಿಯುವುದು. ಹೊಟ್ಟೆಯ ಸ್ನಾಯು ತೆಗೆಯುವುದಿಲ್ಲ.

ನಾಳಗಳ ಅಗಲ 2–3 ಮಿ.ಮೀ. ಅಷ್ಟೇ. ಅದಕ್ಕೇ ಮೊದಲ ಒಂದೆರಡು ದಿನ ನರ್ಸ್ ರಾತ್ರಿಯೂ ಗಂಟೆಗೊಮ್ಮೆ ಬಂದು ನೋಡುತ್ತಾರೆ. ನಿದ್ದೆ ಕೆಟ್ಟಿತೆಂದು ಬೇಡ ಅನ್ನಬೇಡಿ. ಹೊಸ ಸ್ತನದ ಚರ್ಮವನ್ನು ಬೆರಳಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ 2–3 ಸೆಕೆಂಡಿನಲ್ಲಿ ಮೊದಲಿನ ಬಣ್ಣಕ್ಕೆ ಮರಳಬೇಕು. ನೀಲಿಗಟ್ಟಿ, ಊದಿ, ಬಣ್ಣ ತಟ್ಟನೆ ಮರಳಿದರೆ ಅಭಿಧಮನಿ (ರಕ್ತ ಹೊರಗೊಯ್ಯುವ ನಾಳ) ಕಟ್ಟಿರಬಹುದು. ತಣ್ಣಗಾಗಿ ಬಿಳಿಚಿಕೊಂಡರೆ ಅಪಧಮನಿ (ರಕ್ತ ತರುವ ನಾಳ). ಎರಡಕ್ಕೂ ತಕ್ಷಣ ಸರ್ಜನ್ ಬರಬೇಕು, ಬೆಳಗಾಗಲಿ ಎಂದು ಕಾಯುವಂತಿಲ್ಲ. ಕಪ್ಪು ಮೈಬಣ್ಣದಲ್ಲಿ ಬಣ್ಣ ಮೋಸ ಮಾಡುತ್ತದೆ; ಬಿಸುಪು, ಊತ, ಡಾಪ್ಲರ್ (ರಕ್ತದ ಹರಿವನ್ನು ಕೇಳಿಸುವ ಯಂತ್ರ) ಸದ್ದನ್ನೂ ಗಮನಿಸಬೇಕು.

ಡ್ರೈನ್ (ಗಾಯದೊಳಗಿನ ರಕ್ತ, ನೀರನ್ನು ಎಳೆದು ತುದಿಯ ಬಲ್ಬಿಗೆ ಸೇರಿಸುವ ನಳಿಕೆ) ಸಮೇತ ಮನೆಗೆ ಕಳಿಸಿದರೆ: ಕೈ ತೊಳೆದು, ನಳಿಕೆಯನ್ನು ಚರ್ಮದ ಹತ್ತಿರ ಒಂದು ಕೈಯಲ್ಲಿ ಗಟ್ಟಿ ಹಿಡಿದು, ಇನ್ನೊಂದು ಕೈಬೆರಳುಗಳಿಂದ ಬಲ್ಬಿನ ಕಡೆಗೆ ನೀವಿ. ಹೆಪ್ಪುಗಟ್ಟಿದ ರಕ್ತ ಸರಿಯುತ್ತದೆ. ಖಾಲಿ ಮಾಡಿದ ಮೇಲೆ ಬಲ್ಬನ್ನು ಹಿಚುಕಿ ಹಿಡಿದೇ ಮುಚ್ಚಳ ಹಾಕಿ. ಉಬ್ಬಿದ ಬಲ್ಬ್ ಏನನ್ನೂ ಎಳೆಯುವುದಿಲ್ಲ, ನೀರು ಒಳಗೇ ನಿಲ್ಲುತ್ತದೆ. ಒಂದೊಂದು ಡ್ರೈನಿನ ಅಳತೆಯನ್ನೂ ಬೇರೆಬೇರೆ ಬರೆದಿಡಿ. 24 ಗಂಟೆಗೆ 30 ಮಿ.ಲೀ.ಗಿಂತ ಕಡಿಮೆಯಾದರೆ ಸಾಮಾನ್ಯವಾಗಿ ತೆಗೆಯುತ್ತಾರೆ.

ಮೊದಲ ವಾರ ತುಸು ಬಾಗಿಯೇ ನಡೆಯಿರಿ, ಮಲಗುವಾಗ ಮಂಡಿಯಡಿ ದಿಂಬಿರಲಿ. ಆರು ವಾರ ತುಂಬಿದ ಬಿಂದಿಗೆ, ಮಗು ಎತ್ತಬಾರದು. ಹೊಸ ಸ್ತನಕ್ಕೆ ಬಿಸಿನೀರಿನ ಚೀಲ ಬೇಡವೇ ಬೇಡ: ಅಲ್ಲಿ ಸ್ಪರ್ಶ ತಿಳಿಯದು, ಸುಟ್ಟರೂ ಗೊತ್ತಾಗುವುದಿಲ್ಲ.