ನೀಲಿ ಮಾಯವಾಯ್ತು, ಎಲೆಕ್ಟ್ರಾನ್ ಎಲ್ಲಿಗೆ ಹೋಯ್ತು?

ಪಿಎಚ್‌ಡಿ ಎರಡನೇ ವರ್ಷದ ಒಂದು ಸಂಜೆ ಲ್ಯಾಬಿನಲ್ಲಿ ನಾನೊಬ್ಬಳೇ ಕುಣಿದಾಡಿದ್ದೆ. ಕೈಯಲ್ಲಿ ಒಂದು ಕ್ಯುವೆಟ್ (ಅಳತೆಗೆ ಬಳಸುವ ಪುಟ್ಟ ಪಾರದರ್ಶಕ ಪಾತ್ರೆ), ಒಳಗೆ ನೀಲಿ ದ್ರಾವಣ. ಅದಕ್ಕೆ ಸಿರಿಂಜಿನಲ್ಲಿ ಅರ್ಧ ಎಂಎಲ್ ಕಂದು ಬಣ್ಣದ ಗ್ರಾಫೀನ್ ಆಕ್ಸೈಡ್ ಬಿಟ್ಟೆ, ನೀಲಿ ಕಣ್ಣೆದುರೇ ಮಾಯ! ಎಲೆಕ್ಟ್ರಾನು ಗ್ರಾಫೀನಿಗೆ ಹೋಯಿತು ಅಂತ ಗೈಡ್‌ಗೆ ಮೆಸೇಜ್ ಕೂಡ ಹಾಕಿಬಿಟ್ಟೆ. ಮರುದಿನ ಅವರು ಕ್ಯುವೆಟ್ ಎತ್ತಿ ಬೆಳಕಿಗೆ ಹಿಡಿದು ಕೇಳಿದ್ದು ಒಂದೇ ಮಾತು. "ನೀಲಿ ಹೋಗಿದೆ ಸರಿ, ಕಂದು ಯಾಕಮ್ಮ ಕಪ್ಪಾಗಿಲ್ಲ?"

ಹಿನ್ನೆಲೆ ಸ್ವಲ್ಪ ಹೇಳಬೇಕು. ಗ್ರಾಫೀನ್ ಅಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ, ಅದಕ್ಕೆ ಆಮ್ಲಜನಕ ಅಂಟಿದ್ದು ಗ್ರಾಫೀನ್ ಆಕ್ಸೈಡ್. ನನ್ನ ಕೆಲಸ ಜೋಡಿ ವಸ್ತುಗಳ ಮೇಲೆ. ಒಂದು ಬೆಳಕು ಹೀರಬೇಕು, ಇನ್ನೊಂದು, ಅಂದರೆ ಗ್ರಾಫೀನ್, ಆ ಬೆಳಕಿನಿಂದ ಎದ್ದ ಎಲೆಕ್ಟ್ರಾನನ್ನು ಎತ್ತಿಕೊಂಡು ಹೋಗಬೇಕು. ಎತ್ತಿಕೊಳ್ಳೋರು ಯಾರೂ ಇಲ್ಲದಿದ್ದರೆ ಎಲೆಕ್ಟ್ರಾನು ಎದ್ದ ಜಾಗಕ್ಕೇ ವಾಪಸ್ ಬೀಳುತ್ತದೆ, ಬೆಳಕು ವ್ಯರ್ಥ. ಸೌರಕೋಶ ಇರಲಿ, ನೀರಿನಿಂದ ಹೈಡ್ರೋಜನ್ ತೆಗೆಯೋದಿರಲಿ, ತಲೆನೋವು ಇದೇ.

ನಾನು ಶುರು ಮಾಡಿದ್ದು ರಸಾಯನ ವಿಜ್ಞಾನಿ ಪ್ರಶಾಂತ್ ಕಾಮತ್ ಅವರ ತಂಡ 2008ರಲ್ಲಿ ಪ್ರಕಟಿಸಿದ ಪ್ರಯೋಗದಿಂದ. ಅವರು ಇರೋದು ಅಮೆರಿಕದ ನೋಟ್ರ್ ಡೇಮ್ ವಿಶ್ವವಿದ್ಯಾಲಯದಲ್ಲಿ, ಮೂಲತಃ ನಮ್ಮ ಕಾರವಾರದ ಹತ್ತಿರದ ಬಿಣಗಾದವರು. ಪ್ರಯೋಗದ ಚೆಂದ ಅಂದರೆ ಎಲ್ಲವೂ ಕಣ್ಣಿಗೇ ಕಾಣುತ್ತದೆ. ಎಥನಾಲ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್‌ನ ತೀರಾ ಸಣ್ಣ ಕಣಗಳು. ಗಾಳಿ ತೆಗೆದು ಯುವಿ (ಅತಿನೇರಳೆ) ಬೆಳಕು ಬಿಟ್ಟರೆ ಎಲೆಕ್ಟ್ರಾನು ಏಳುತ್ತದೆ, ಅದು ಬಿಟ್ಟುಹೋದ ಖಾಲಿ ಜಾಗವನ್ನು ಎಥನಾಲ್ ತುಂಬುತ್ತದೆ. ಹಾಗಾಗಿ ಎಲೆಕ್ಟ್ರಾನಿಗೆ ವಾಪಸ್ ಬೀಳೋಕೆ ಜಾಗವಿಲ್ಲ, ಕಣದಲ್ಲೇ ಸಿಕ್ಕಿಕೊಳ್ಳುತ್ತದೆ. ದ್ರಾವಣ ನೀಲಿಯಾಗುತ್ತದೆ. ಆಮೇಲೆ ಗ್ರಾಫೀನ್ ಆಕ್ಸೈಡ್ ಹಾಕಿದರೆ ಎಲೆಕ್ಟ್ರಾನು ಅದಕ್ಕೆ ದಾಟುತ್ತದೆ, ನೀಲಿ ಹೋಗುತ್ತದೆ, ಕಂದು ಆಕ್ಸೈಡ್ ಆಮ್ಲಜನಕ ಕಳೆದುಕೊಂಡು ಕಪ್ಪಾಗುತ್ತದೆ.

ಗ್ರಾಫೀನ್ ಆಕ್ಸೈಡ್ ಮಾಡೋದು ಬೇಸರದ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ಹಮ್ಮರ್ಸ್ ವಿಧಾನ 1958ರದ್ದು. ನಾನು ಬಳಸಿದ್ದು 2010ರ ಸುಧಾರಿತ ವಿಧಾನ: 3 ಗ್ರಾಂ ಗ್ರಾಫೈಟಿಗೆ 18 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್, ಸಲ್ಫ್ಯೂರಿಕ್ ಮತ್ತು ಫಾಸ್ಫಾರಿಕ್ ಆಮ್ಲ 9:1ರಂತೆ, 50 ಡಿಗ್ರಿಯಲ್ಲಿ 12 ಗಂಟೆ. ಪರ್ಮಾಂಗನೇಟನ್ನು ಚೂರುಚೂರೇ ಹಾಕಿ, ಥರ್ಮಾಮೀಟರಿನಿಂದ ಕಣ್ಣು ತೆಗೆಯಬೇಡಿ. ಅದು ಸಲ್ಫ್ಯೂರಿಕ್ ಆಮ್ಲದಲ್ಲಿ ಮ್ಯಾಂಗನೀಸ್ ಹೆಪ್ಟಾಕ್ಸೈಡ್ ಆಗುತ್ತದೆ, 55 ಡಿಗ್ರಿ ದಾಟಿದರೆ ಸಿಡಿಯುವ ವಸ್ತು ಅದು. ನಿಜವಾದ ಪರೀಕ್ಷೆ ಇರೋದು ತೊಳೆಯೋದರಲ್ಲಿ. ಆಮ್ಲ ಕಳೆಯುತ್ತಾ ಬಂದಂತೆ ಲೋಳೆಯಂತಾಗುತ್ತದೆ, ಸೆಂಟ್ರಿಫ್ಯೂಜಿನಲ್ಲಿ ಎಷ್ಟು ತಿರುಗಿಸಿದರೂ ತಳಕ್ಕೆ ಕೂರಲ್ಲ. ಮೂರು ದಿನ ಅದರಲ್ಲೇ ಹೋಯಿತು. ಕೊನೆಗೆ ಅದು ಹೀರುವ ಬೆಳಕಿನ ಗ್ರಾಫಿನಲ್ಲಿ 230 ನ್ಯಾನೋಮೀಟರ್ ಬಳಿ ಪೀಕ್, 300ರ ಬಳಿ ಒಂದು ಸಣ್ಣ ಉಬ್ಬು, ಅಂದರೆ ಗ್ರಾಫೀನ್ ಆಕ್ಸೈಡಿನ ಗುರುತು, ಕಂಡಾಗ ಉಸಿರು ಬಿಟ್ಟೆ.

ಟೈಟಾನಿಯಾ (ಅದೇ ಟೈಟಾನಿಯಂ ಡೈಆಕ್ಸೈಡ್) ಕಣಗಳಿಗೆ ಟೈಟಾನಿಯಂ ಐಸೊಪ್ರೊಪಾಕ್ಸೈಡನ್ನು ಎಥನಾಲಿಗೆ ಹನಿಹನಿಯಾಗಿ ಬಿಡಬೇಕು. ಅದಕ್ಕೆ ತೇವ ಅಂದರೆ ಆಗಲ್ಲ. ಜುಲೈ ತಿಂಗಳ ಮಳೆಯಲ್ಲಿ ಮಾಡಹೋಗಿ ಮೂರು ಸಲ ಸುಣ್ಣದ ತಿಳಿ ಥರ ಬೆಳ್ಳಗಾಗಿ ಕೂತಿತು. ಗ್ರಾಫೀನ್ ಆಕ್ಸೈಡನ್ನೂ ನೀರಿನಲ್ಲಿ ಅಲ್ಲ, ಎಥನಾಲಿನಲ್ಲೇ ಸೋನಿಕೇಟ್ ಮಾಡಿ, ಅಂದರೆ ಶ್ರವಣಾತೀತ ಶಬ್ದದಿಂದ ಕದಡಿ, ಇಟ್ಟುಕೊಂಡೆ.

ಸರಿ, ಕಂದು ಯಾಕೆ ಕಪ್ಪಾಗಲಿಲ್ಲ? ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಸುಮ್ನೆ ಒಂದು ಕೆಲಸ ಮಾಡಿದೆ. ಮತ್ತೆ ನೀಲಿ ಬರಿಸಿ, ಗ್ರಾಫೀನ್ ಆಕ್ಸೈಡ್ ಇಲ್ಲದ ಬರೀ ಎಥನಾಲನ್ನು ಬಾಟಲಿಯಿಂದ ನೇರ ತೆಗೆದು ಅರ್ಧ ಎಂಎಲ್ ಬಿಟ್ಟೆ. ನೀಲಿ ಆಗಲೂ ಹೋಯಿತು! ನನ್ನ ಎಲೆಕ್ಟ್ರಾನನ್ನು ತಿಂದದ್ದು ಗ್ರಾಫೀನ್ ಅಲ್ಲ, ಎಥನಾಲಿನಲ್ಲಿ ಕರಗಿದ್ದ ಆಮ್ಲಜನಕ. ನೀರಿಗಿಂತ ಎಥನಾಲಿನಲ್ಲಿ ಆಮ್ಲಜನಕ ಬಹಳ ಜಾಸ್ತಿ ಕರಗುತ್ತದೆ, ಅದು ನನ್ನ ತಲೆಗೇ ಬಂದಿರಲಿಲ್ಲ. ಕ್ಯುವೆಟ್‌ಗೆ ಅಷ್ಟು ಹೊತ್ತು ಆಮ್ಲಜನಕ ಓಡಿಸೋಕೆ ಆರ್ಗಾನ್ ಅನಿಲ ಬಿಟ್ಟವಳು, ಅದರೊಳಗೆ ಹಾಕುವ ದ್ರಾವಣಕ್ಕೆ ಬಿಡಲೇ ಇಲ್ಲ, ನೋಡಿ.

ಮುಂದಿನ ಸಲ ಎರಡಕ್ಕೂ ಅರ್ಧ ಗಂಟೆ ಆರ್ಗಾನ್ ಹಾಯಿಸಿದೆ. ಒಂದು ಕಿವಿಮಾತು: ಆರ್ಗಾನನ್ನು ನೇರ ಬಿಟ್ಟರೆ ಎಥನಾಲ್ ಆರಿಹೋಗಿ ಸಾಂದ್ರತೆ ಬದಲಾಗುತ್ತದೆ, ಆದ್ದರಿಂದ ಮೊದಲು ಇನ್ನೊಂದು ಎಥನಾಲ್ ಬಾಟಲಿಯೊಳಗೆ ಹಾಯಿಸಿ ಆಮೇಲೆ ಸ್ಯಾಂಪಲ್‌ಗೆ ಬಿಡಿ. ಸೆಪ್ಟಮ್ (ಸೂಜಿ ಚುಚ್ಚುವ ರಬ್ಬರ್ ಮುಚ್ಚಳ) ಹೊಸದಿರಲಿ, ಹತ್ತು ಸಲ ಸೂಜಿ ಚುಚ್ಚಿದ್ದು ಬೇಡ. ಈ ಸಲ ಬರೀ ಎಥನಾಲ್ ಹಾಕಿದ ಕ್ಯುವೆಟ್ ಸ್ವಲ್ಪ ತೆಳುವಾಯಿತು ಅಷ್ಟೇ, ನೀಲಿ ಉಳಿಯಿತು. ಗ್ರಾಫೀನ್ ಆಕ್ಸೈಡ್ ಹಾಕಿದ್ದು ನೀಲಿ ಕಳೆದುಕೊಂಡು ಕಪ್ಪಿನ ಕಡೆ ಹೋಯಿತು. ಟೈಟಾನಿಯಾ ಇಲ್ಲದ ಮೂರನೇ ಕ್ಯುವೆಟ್ ಅಷ್ಟೇ ಹೊತ್ತು ಯುವಿಯಲ್ಲಿದ್ದರೂ ಕಂದಾಗಿಯೇ ಇತ್ತು. ಮೂರನ್ನೂ ಸಾಲಾಗಿ ಇಟ್ಟು ಫೋಟೋ ಹೊಡೆದೆ. ಈ ಸಲ ಮೆಸೇಜ್ ಹಾಕಲಿಲ್ಲ, ಕ್ಯುವೆಟ್‌ಗಳನ್ನೇ ಹಿಡಿದುಕೊಂಡು ಹೋದೆ.

ಬುದ್ಧಿ ಬಂತು ಅಂದುಕೊಂಡೆ. ಬಂದಿರಲಿಲ್ಲ. ಟೈಟಾನಿಯಾಕ್ಕೆ ಯುವಿಯೇ ಬೇಕು, ಬಿಸಿಲಿನಲ್ಲಿ ಯುವಿ ಇರೋದು ಸ್ವಲ್ಪ. ಅದಕ್ಕೇ ಕಣ್ಣಿಗೆ ಕಾಣುವ ಬೆಳಕನ್ನು ಹೀರುವ ಪೋರ್ಫಿರಿನ್ ಅನ್ನೋ ಬಣ್ಣದ ಅಣುವಿನ ಕಡೆಗೆ ಹೊರಳಿದೆ. ನಾನು ಆರಿಸಿದ ಪೋರ್ಫಿರಿನ್‌ಗೆ ನಾಲ್ಕು ಧನ ಆವೇಶ, ಗ್ರಾಫೀನ್ ಆಕ್ಸೈಡ್‌ಗೆ ಋಣ ಆವೇಶ. ನೀರಿನಲ್ಲಿ ಬೆರೆಸಿದರೆ ಸಾಕು, ತಾವೇ ಅಂಟಿಕೊಳ್ಳುತ್ತವೆ. ಪೋರ್ಫಿರಿನ್ ಬೆಳಕು ಹೀರುವ 422 ನ್ಯಾನೋಮೀಟರ್ ಬಳಿಯ ಪೀಕ್ ಕೆಂಪಿನ ಕಡೆ ಸರಿಯುತ್ತದೆ, ಅಣು ಹಾಳೆಯ ಮೇಲೆ ಚಪ್ಪಟೆಯಾಗಿ ಮಲಗಿದ್ದರ ಗುರುತು ಅದು. ಪೋರ್ಫಿರಿನ್ ಒಂಟಿಯಾಗಿದ್ದಾಗ ಯುವಿ ಟಾರ್ಚಿಗೆ ಕೆಂಪಗೆ ಹೊಳೆಯುತ್ತದೆ. ಗ್ರಾಫೀನ್ ಆಕ್ಸೈಡ್ ಹಾಕುತ್ತಾ ಹೋದಂತೆ ಹೊಳಪು ನಂದುತ್ತದೆ. ನಂದಿತು ಅಂದರೆ ಎಲೆಕ್ಟ್ರಾನು ದಾಟಿತು ಅಂತ ಬರೆದು ಡ್ರಾಫ್ಟ್ ಕೊಟ್ಟೆ.

ಗೈಡ್ ಪೆನ್ಸಿಲಿನಲ್ಲಿ ಪಕ್ಕದಲ್ಲಿ ಗೀಚಿದ್ದು: "ಇದೂ ಆಮ್ಲಜನಕದ ಕಥೆಯೇ?"

ಹೆಚ್ಚುಕಮ್ಮಿ ಹಾಗೇ ಇತ್ತು. ಗ್ರಾಫೀನ್ ಆಕ್ಸೈಡ್ ಸ್ವತಃ ಕಂದು. ಒಳಗೆ ಹೋಗುವ ಬೆಳಕನ್ನೂ ತಿನ್ನುತ್ತದೆ, ಹೊರಗೆ ಬರುವ ಹೊಳಪನ್ನೂ ತಿನ್ನುತ್ತದೆ. ಒಂದು ಲೆಕ್ಕ ನೋಡಿ. ಅದು ಒಳಹೋಗುವ ಬೆಳಕಿನ ಬಣ್ಣದಲ್ಲಿ 0.3, ಹೊಳಪಿನ ಬಣ್ಣದಲ್ಲಿ 0.1 ಅಬ್ಸಾರ್ಬೆನ್ಸ್ (ಎಷ್ಟು ಬೆಳಕು ಹೀರಿತು ಅನ್ನೋದರ ಅಳತೆ) ಸೇರಿಸಿತು ಅನ್ನಿ. ಸರಾಸರಿ 0.2. ಹತ್ತರ 0.2 ಘಾತ ಅಂದರೆ ಸುಮಾರು 1.58, ಹೊಳಪನ್ನು ಅಷ್ಟರಿಂದ ಭಾಗಿಸಬೇಕು. ಅಂದರೆ ಒಂದೇ ಒಂದು ಎಲೆಕ್ಟ್ರಾನು ಅಲುಗದಿದ್ದರೂ ಹೊಳಪು ಶೇ 37ರಷ್ಟು ಕಡಿಮೆ ಕಾಣುತ್ತದೆ! ನನ್ನ ಎಲ್ಲಾ ರೀಡಿಂಗ್‌ಗಳನ್ನೂ ಹೀಗೆ ತಿದ್ದಿದ ಮೇಲೆ ನಂದುವಿಕೆ ಉಳಿಯಿತು, ಆದರೆ ಗ್ರಾಫಿನ ಠೀವಿ ಇಳಿಯಿತು.

ಉಳಿದದ್ದಾದರೂ ಎಲೆಕ್ಟ್ರಾನ್ ದಾಟಿದ್ದಕ್ಕೆ ಸಾಕ್ಷಿಯಾ ಅಂದರೆ ಅದೂ ಅಲ್ಲ. ಎಲೆಕ್ಟ್ರಾನು ಜಾಗ ಬದಲಿಸದೆ ಬರೀ ಶಕ್ತಿ ದಾಟಿದರೂ ಹೊಳಪು ನಂದುತ್ತದೆ, ಗ್ರಾಫೀನ್ ಅದರಲ್ಲಿ ನಿಸ್ಸೀಮ. ಹೊಳಪಿನ ಆಯುಷ್ಯ ಅಳೆದರೆ ಅಂಟದೆ ಉಳಿದ ಅಣುಗಳದ್ದು ಮೊದಲಿನಷ್ಟೇ ಬಂತು. ಅಂಟಿಕೊಂಡವು ಹೊಳೆಯುತ್ತಿಲ್ಲ ಅಂತಷ್ಟೇ ಅದು ಹೇಳಿತು, ಯಾಕೆ ಅಂತ ಹೇಳಲಿಲ್ಲ.

ಆಮೇಲೆ ಈ ಜೋಡಿಯನ್ನು ಐಟಿಒ ಗಾಜಿನ (ಕರೆಂಟ್ ಹಾಯಿಸುವ ಪಾರದರ್ಶಕ ಗಾಜು) ಮೇಲೆ ಲೇಪಿಸಿ, ಬೆಳಕು ಬಿದ್ದಾಗ ಬರುವ ಕರೆಂಟ್ ಅಳೆದೆ. ಗ್ರಾಫೀನ್ ಆಕ್ಸೈಡ್ ಕರೆಂಟ್ ಸರಿಯಾಗಿ ಹಾಯಿಸಲ್ಲ, ಆದ್ದರಿಂದ ರೆಡ್ಯೂಸ್ ಮಾಡಿದ್ದನ್ನು, ಅಂದರೆ ಆಮ್ಲಜನಕ ಕಳೆದದ್ದನ್ನು, ಬಳಸಿದೆ. ದೀಪಕ್ಕೆ ರಟ್ಟು ಅಡ್ಡ ಹಿಡಿದರೆ ಗೆರೆ ಕೆಳಗೆ, ತೆಗೆದರೆ ಮೇಲೆ. ಪೋರ್ಫಿರಿನ್ ಒಂದೇ ಇದ್ದಾಗಿನದಕ್ಕಿಂತ ಜೋಡಿಯದ್ದು ಜಾಸ್ತಿ ಇತ್ತು. ಖಾಲಿ ಐಟಿಒ ಕೂಡ ಬೆಳಕಿಗೆ ಚೂರು ಮಿಸುಕಿತು, ಅದನ್ನು ಮೊದಲೇ ಕಳೆದಿದ್ದೆ. ಇಷ್ಟಾದ ಮೇಲೇ ಗೈಡ್ "ಚಾರ್ಜ್ ಟ್ರಾನ್ಸ್‌ಫರ್" (ಎಲೆಕ್ಟ್ರಾನ್ ದಾಟುವಿಕೆ) ಅನ್ನೋ ಪದವನ್ನು ಥೀಸಿಸ್‌ನಲ್ಲಿ ಉಳಿಸಿಕೊಳ್ಳೋಕೆ ಬಿಟ್ಟಿದ್ದು, ಅದೂ ಒಂದೇ ಅಧ್ಯಾಯದಲ್ಲಿ.

ಎಲೆಕ್ಟ್ರಾನ್ ಕಳೆದುಕೊಂಡ ಪೋರ್ಫಿರಿನ್ ಅನ್ನೇ ನೇರ ನೋಡಬೇಕು ಅಂದರೆ ಅತಿ ಕ್ಷಣಿಕ ಮಿಂಚು ಹೊಡೆಯುವ ಫೆಮ್ಟೋಸೆಕೆಂಡ್ ಲೇಸರ್ ಬೇಕು. ನಮ್ಮಲ್ಲಿಲ್ಲ. ಬೇರೆ ಊರಲ್ಲಿ ಮುಂದಿನ ತಿಂಗಳು ಎರಡು ದಿನದ ಸ್ಲಾಟ್ ಸಿಕ್ಕಿದೆ, ರಾತ್ರಿ ಬಸ್ಸಿಗೆ ಹೋಗಬೇಕು. ಡಬ್ಬಿಯಲ್ಲಿ ಹನ್ನೊಂದು ಸೀಸೆ ಜೋಡಿಸಿಟ್ಟಿದ್ದೇನೆ. ಅದರಲ್ಲಿ ಏಳು, ಹೋಲಿಸಿ ನೋಡೋಕೆ, ಬರೀ ಕಂಟ್ರೋಲ್.