ಹರಾಜಿಗಿಟ್ಟ ಹಳೇ ವಾಚು: ಫೋಟೊಗಳ ಸಾಲು ಹೀಗಿರಲಿ

ಬೆಂಗಳೂರಿನಲ್ಲಿ 1961ರಲ್ಲಿ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ ಎಚ್‌ಎಂಟಿ ವಾಚು ತಯಾರಿಕೆ ಶುರುವಾಯಿತು. ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಜನತಾ, ಪೈಲಟ್, ಕಾಂಚನ ಮಾದರಿಯ ವಾಚುಗಳನ್ನು ಹುಡುಕಿ ಕೊಳ್ಳುವವರು ಇಂದಿಗೂ ಇದ್ದಾರೆ, ಇಬೇ ಎಂಬ ಆನ್‌ಲೈನ್ ಮಾರಾಟ ತಾಣದ ಹರಾಜಿನಲ್ಲಿ ಹೊರದೇಶದವರೂ ಬಿಡ್ ಹಾಕುತ್ತಾರೆ. ಆದರೂ ಅಪ್ಪನೋ ಅಜ್ಜನೋ ಜೋಪಾನ ಮಾಡಿದ್ದ ಒಳ್ಳೊಳ್ಳೆಯ ವಾಚುಗಳು ಒಂದೂ ಬಿಡ್ ಕಾಣದೆ ಉಳಿದುಬಿಡುವುದನ್ನು ನೋಡುತ್ತಲೇ ಇದ್ದೇನೆ. ಫೋಟೊಗಳೇನೋ ಚೆನ್ನಾಗಿರುತ್ತವೆ, ಸಾಲು ಮಾತ್ರ ದಿಕ್ಕಾಪಾಲು. ಮೊದಲು ಡಬ್ಬಿ, ಆಮೇಲೆ ಬೆಲ್ಟು, ಡಯಲ್ ಎಲ್ಲೋ ಒಂಬತ್ತನೆಯದು. ಅಷ್ಟು ದೂರ ಬಂದು ನೋಡುವ ತಾಳ್ಮೆ ಯಾರಿಗೂ ಇಲ್ಲ.

ಹಂತ 1: ಫೋಟೊ ತೆಗೆಯಿರಿ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ಬೂದು ಬಣ್ಣದ ಬಟ್ಟೆಯ ಮೇಲೆ. ಎಲ್‌ಇಡಿ ಪಟ್ಟಿ ಅಂಟಿಸಿದ ಅಗ್ಗದ ಮಡಚುವ ಡಬ್ಬಿಗಳಿಗೆ ದುಡ್ಡು ಹಾಕಬೇಡಿ. ಹಳೇ ವಾಚಿನ ಉಬ್ಬಿದ ಪ್ಲಾಸ್ಟಿಕ್ ಗ್ಲಾಸಿನಲ್ಲಿ ಆ ದೀಪಗಳ ಸಾಲೇ ಮೂಡಿ ಡಯಲ್ ಮುಚ್ಚಿಹೋಗುತ್ತದೆ.

ಹಂತ 2: ಆರಿಸಿ. ಇಬೇಯಲ್ಲಿ ಒಂದು ಲಿಸ್ಟಿಂಗ್‌ಗೆ, ಅಂದರೆ ಮಾರುವ ವಸ್ತುವಿನ ಪುಟಕ್ಕೆ, 24 ಫೋಟೊ ಹಾಕಬಹುದು. ವಾಚಿಗೆ ಹತ್ತು ಹನ್ನೆರಡು ಸಾಕು. ಉದ್ದದ ಬದಿ ಕನಿಷ್ಠ 500 ಪಿಕ್ಸೆಲ್ ಇರಲೇಬೇಕು, ಆದರೆ 1600 ಇದ್ದರೆ ನೋಡುವವರು ಹಿಗ್ಗಿಸಿ ನೋಡಬಹುದು. ನಾಲ್ಕು ಫೋಟೊ ಸೇರಿಸಿ ಒಂದು ಕೊಲಾಜ್ ಮಾಡುವ ಅಭ್ಯಾಸ ಬಿಡಿ, ನಾಲ್ಕೂ ಕುಗ್ಗಿ ಒಂದೂ ಕಾಣುವುದಿಲ್ಲ. ಚೌಕಟ್ಟು ಹಾಕುವುದು, ಫೋಟೊ ಮೇಲೆ ‘ಅಪರೂಪ’ ಎಂದು ಬರೆಯುವುದು ಅಲ್ಲಿನ ನಿಯಮಕ್ಕೇ ವಿರುದ್ಧ.

ಹಂತ 3: ಸಾಲು ಕಟ್ಟಿ. ಜನ ಎಡವುವುದು ಇಲ್ಲೇ.

ಮೊದಲ ಫೋಟೊ ಹುಡುಕಾಟದ ಪಟ್ಟಿಯಲ್ಲಿ ಬೆರಳಿನುಗುರಿನಷ್ಟು ಕಾಣುತ್ತದೆ. ಅದರಲ್ಲಿ ವಾಚು ನೇರವಾಗಿ, 12 ಮೇಲಕ್ಕಿರುವಂತೆ, ಚೌಕದ ಮುಕ್ಕಾಲು ಭಾಗ ತುಂಬಿರಬೇಕು. ಮುಳ್ಳುಗಳನ್ನು ಹತ್ತು ಗಂಟೆ ಹತ್ತು ನಿಮಿಷಕ್ಕೆ ಇಡಿ, 12ರ ಕೆಳಗಿನ ಎಚ್‌ಎಂಟಿ ಗುರುತೂ ಅದರ ಕೆಳಗಿನ ಹೆಸರೂ ಮುಚ್ಚಿಹೋಗುವುದಿಲ್ಲ. ಕೈಗೆ ಕಟ್ಟಿಕೊಂಡು ತೆಗೆದ ಫೋಟೊ ಮೊದಲಿಗೆ ಬೇಡವೇ ಬೇಡ. ಅಳತೆ ತಿಳಿಯಲು ಅದು ಬೇಕು, ಆದರೆ ಕೊನೆಯಲ್ಲಿರಲಿ.

ಎರಡನೆಯದು ಅದೇ ಡಯಲ್, ಇನ್ನೂ ಹತ್ತಿರದಿಂದ. ಇದನ್ನು ಮುಂದೂಡಬಾರದು. ಬಣ್ಣ ಬಳಿದು ಹೊಸದಾಗಿ ಅಚ್ಚು ಹಾಕಿದ ಡಯಲ್‌ಗಳು ಹಳೇ ಎಚ್‌ಎಂಟಿ ಮಾರುಕಟ್ಟೆಯಲ್ಲಿ ತುಂಬಿವೆ. ಅಕ್ಷರದ ಅಂಚು ಚೂಪಾಗಿದೆಯೇ, ನಿಮಿಷದ ಗೆರೆಗಳು ಸರಿಯಾದ ಜಾಗದಲ್ಲಿವೆಯೇ ಎಂದು ತಿಳಿದವರು ಮೊದಲು ನೋಡುವುದೇ ಇದನ್ನು. ನಿಮ್ಮದು ಮೂಲ ಡಯಲ್ ಆಗಿದ್ದರೆ ಅದರ ಹಳದಿ ಕಲೆಯೇ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ, ಮುಚ್ಚಿಡಬೇಡಿ.

ಮೂರು, ನಾಲ್ಕು: ಚಾವಿ (ಕೀ ಕೊಡುವ ಪುಟ್ಟ ಗುಂಡಿ) ಇರುವ ಬದಿ, ಎದುರು ಬದಿ. ಐದು: ಹಿಂಬದಿ ಮುಚ್ಚಳ, ಅದರ ಮೇಲಿನ ಸಂಖ್ಯೆ ಓದುವಂತಿರಬೇಕು. ಆರು: ಮುಚ್ಚಳ ತೆಗೆದು ಮಷೀನ್. ಜನತಾದಂಥ ಕೀ ಕೊಡುವ ವಾಚಿನಲ್ಲಿ ಸಾಮಾನ್ಯವಾಗಿ ಇರುವುದು 17 ಜ್ಯುವೆಲ್‌ಗಳ (ಸವೆತ ತಡೆಯುವ ಪುಟ್ಟ ಹರಳುಗಳ) 0231 ಮಷೀನ್, ಆ ಅಂಕಿ ಫೋಟೊದಲ್ಲಿ ಸ್ಪಷ್ಟವಾಗಿ ಕಾಣಲಿ. ಮುಚ್ಚಳವನ್ನು ಚಾಕುವಿನಿಂದ ಮೀಟಬೇಡಿ, ವಾಚು ರಿಪೇರಿಯವರ ಹತ್ತಿರ ತೆಗೆಸಿ ಅಲ್ಲೇ ಫೋಟೊ ತೆಗೆದುಕೊಳ್ಳಿ.

ಇನ್ನು ಗೀರು, ನೆಗ್ಗು. ಇವನ್ನೆಲ್ಲ ಗುಡ್ಡೆ ಹಾಕಿ ಕೊನೆಗೆ ತಳ್ಳುವವರೇ ಹೆಚ್ಚು. ಅಲ್ಲಿ ಬರೀ ಗೀರಷ್ಟೇ ಕಾಣುತ್ತದೆ, ಅದು ವಾಚಿನ ಯಾವ ಮೂಲೆಯದೆಂದು ತಿಳಿಯುವುದಿಲ್ಲ. ಪ್ರತಿ ಗೀರಿನ ಫೋಟೊವೂ ಆ ಬದಿಯ ಪೂರ್ತಿ ಫೋಟೊದ ಬೆನ್ನಿಗೇ ಬರಲಿ, ಎರಡರಲ್ಲೂ ವಾಚು ಒಂದೇ ದಿಕ್ಕಿಗಿರಲಿ. ಹೀಗೆ ನಡುವೆ ಸೇರಿಸಿದಾಗ ಮೇಲೆ ಹೇಳಿದ ಅಂಕಿಗಳು ಮುಂದಕ್ಕೆ ಸರಿಯುತ್ತವೆ, ಸರಿಯಲಿ. ಮೂಲ ಕ್ರಮ ಕದಲದಿದ್ದರೆ ಸಾಕು.

ಎಲ್ಲ ಫೋಟೊದಲ್ಲೂ ಮುಳ್ಳು ಹತ್ತು–ಹತ್ತರಲ್ಲೇ ನಿಂತಿದ್ದರೆ ವಾಚು ಓಡುತ್ತಿಲ್ಲವೇನೋ ಎಂಬ ಅನುಮಾನ ಹುಟ್ಟುತ್ತದೆ. ಒಂದರಲ್ಲಿ ಪಕ್ಕಕ್ಕೆ ಮೊಬೈಲ್ ಗಡಿಯಾರವಿಟ್ಟು ಸಮಯ ಹೊಂದಿಸಿ ತೆಗೆಯಿರಿ. ಕೆಲವು ಗಂಟೆ ಬಿಟ್ಟು ಅದೇ ಭಂಗಿಯಲ್ಲಿ ಇನ್ನೊಂದು ತೆಗೆದು ಎರಡನ್ನೂ ಮಷೀನಿನ ಫೋಟೊ ಆದಮೇಲೆ ಅಕ್ಕಪಕ್ಕ ಇಡಿ. ಬೆಲ್ಟು, ಡಬ್ಬಿ, ಹಳೇ ರಸೀದಿ ಎಲ್ಲ ಆಮೇಲೆ. ರಸೀದಿಯಲ್ಲಿರುವ ಹೆಸರು, ವಿಳಾಸವನ್ನು ಕಾಗದದ ಚೂರಿನಿಂದ ಮುಚ್ಚಿಯೇ ಫೋಟೊ ತೆಗೆಯಿರಿ.

ಹಂತ 4: ಏರಿಸಿ. ಏರಿಸುವ ಮೊದಲೇ ಕಂಪ್ಯೂಟರಿನಲ್ಲಿ ಕಡತಗಳಿಗೆ 01, 02, 03 ಎಂದು ಹೆಸರು ಕೊಟ್ಟರೆ ಅಲ್ಲಿ ತಡಕಾಡುವುದು ತಪ್ಪುತ್ತದೆ. ಸಾಲು ಕಲಸಿಹೋದರೆ ಫೋಟೊವನ್ನು ಎಳೆದು ಜಾಗಕ್ಕೆ ಕೂರಿಸಬಹುದು. ಹಿನ್ನೆಲೆ ಅಳಿಸಿ ಬಿಳಿ ಮಾಡುವ ಸೌಲಭ್ಯವನ್ನು ವಾಚಿಗೆ ಬಳಸಲೇಬೇಡಿ, ಹೊಳೆಯುವ ಉಕ್ಕಿನ ಅಂಚನ್ನೂ ಚಾವಿಯ ಹಲ್ಲುಗಳನ್ನೂ ಅದು ಹಿನ್ನೆಲೆ ಎಂದುಕೊಂಡು ತಿಂದುಹಾಕುತ್ತದೆ.

ಹಂತ 5: ಹರಾಜು ಶುರುವಾದ ಕೂಡಲೇ ಮೊಬೈಲಿನಲ್ಲಿ ತೆರೆದು ನೋಡಿ. ಬಿಡ್ ಬಂದಮೇಲೆ ತಿದ್ದುವ ಅವಕಾಶ ಕಿರಿದಾಗುತ್ತದೆ. ವಿವರಣೆಯಲ್ಲಿ ‘ಏಳನೇ ಫೋಟೊ ನೋಡಿ’ ಎಂದು ಬರೆದಿದ್ದು ಆಮೇಲೆ ಸಾಲು ಬದಲಿಸಿದ್ದರೆ ಆ ಅಂಕಿಯನ್ನೂ ಬದಲಿಸಬೇಕು. ಮೂಲ ಫೋಟೊಗಳನ್ನು ಮಾತ್ರ, ವಾಚು ಕೊಂಡವರ ಕೈ ಸೇರಿ ಅವರು ದೂರು ಕೊಡಬಹುದಾದ ಅವಧಿ ಕಳೆಯುವವರೆಗೂ ಅಳಿಸಬೇಡಿ.