ಜೀವವೈವಿಧ್ಯದಲ್ಲಿ ಎಂ.ಎಸ್ಸಿ ಮಾಡಬೇಕಾ? ಊರ ಪಕ್ಕದ ಹಳ್ಳದಿಂದಲೇ ಶುರು ಮಾಡಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಬಿ.ಎಸ್ಸಿ ಓದುತ್ತಿರುವವರು ಜಾಸ್ತಿ ಕೇಳುವುದು ಇದನ್ನೇ. ‘ಪ್ರಾಣಿ, ಪಕ್ಷಿ ಅಂದ್ರೆ ತುಂಬಾ ಇಷ್ಟ. ಆದರೆ ನಮ್ಮ ಕಡೆ ಕಾಡೆಲ್ಲಿದೆ?’

ಈ ಮಾತನ್ನು ಮೊದಲು ತಲೆಯಿಂದ ತೆಗೆಯಿರಿ. ಕಾಗದದಲ್ಲಿ ಬೀಳು, ಗಾಯರಾಣ (ಗೋಮಾಳ) ಅಂತ ಬರೆದಿಟ್ಟ ಜಾಗದಲ್ಲೇ ತೋಳ ಮರಿ ಹಾಕುತ್ತದೆ. ದರೋಜಿ ಕರಡಿಧಾಮ ಆಗಿದ್ದು 1994ರಲ್ಲಿ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ 34 ಕಿ.ಮೀ. ಉದ್ದ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮ ಇದೆ. ಸಿರುಗುಪ್ಪದ ಎರೆಹೊಲಗಳಲ್ಲಿ ದೇಶದಲ್ಲೇ ಬೆರಳೆಣಿಕೆಯ ಕಡೆ ಉಳಿದಿರುವ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಕಂಡಿದೆ. ಪಕ್ಕದ ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಆದರೂ ಪಶ್ಚಿಮಘಟ್ಟದ ಮೇಲೆ ನಡೆದಷ್ಟು ಅಧ್ಯಯನ ಈ ಬಯಲು, ಕುರುಚಲು, ಕಲ್ಲುಗುಡ್ಡಗಳ ಮೇಲೆ ನಡೆದಿಲ್ಲ. ಹಾಗಾಗಿ ಇಲ್ಲಿ ಹುಟ್ಟಿ ಬೆಳೆದವರಿಗೆ ಇದು ಕೊರತೆ ಅಲ್ಲ, ಅವಕಾಶ.

ಅರ್ಜಿಗೆ ಮೊದಲು ಒಂದು ಜಾಗ ಹಿಡಿಯಿರಿ

ಬಿ.ಎಸ್ಸಿ ಎರಡನೇ ವರ್ಷದಲ್ಲೇ ಶುರು ಮಾಡಿದರೆ ಒಳ್ಳೆಯದು. ಮನೆಯಿಂದ ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರದ ಒಂದು ಕೆರೆ, ಹಳ್ಳ ಅಥವಾ ಗುಡ್ಡ ಸಾಕು. ವಾರಕ್ಕೊಮ್ಮೆ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ನಡೆದು, ಕಂಡದ್ದನ್ನು ಅಲ್ಲೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮನೆಗೆ ಬಂದು ಬರೆಯುತ್ತೇನೆ ಅಂದರೆ ಅರ್ಧ ಮರೆತಿರುತ್ತದೆ. ಏನೂ ಕಾಣದ ದಿನವನ್ನೂ ಬರೆಯಬೇಕು, ಯಾಕೆಂದರೆ ‘ಇರಲಿಲ್ಲ’ ಅನ್ನುವುದೂ ಮಾಹಿತಿಯೇ. ಹಕ್ಕಿಗಳಾದರೆ ಇ-ಬರ್ಡ್‌ಗೆ, ಗಿಡ, ಹುಳ, ಹಲ್ಲಿಗಳಾದರೆ ಐನ್ಯಾಚುರಲಿಸ್ಟ್‌ಗೆ ಹಾಕಿ. ಕಂಡದ್ದನ್ನು ದಾಖಲಿಸುವ ಈ ಎರಡೂ ಜಾಲತಾಣಗಳು ಉಚಿತ.

ಏನನ್ನು ನೋಡಬೇಕು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಆನೆಗೊಂದಿ ಕಡೆ ಹೊಳೆದಂಡೆಯ ಚಪ್ಪಟೆ ಬಂಡೆಗಳ ಮೇಲೆ ನೀರುನಾಯಿ ಹಿಕ್ಕೆ ಹಾಕುತ್ತದೆ, ಅದೂ ಹೆಚ್ಚಾಗಿ ಹಿಂದೆ ಹಾಕಿದ ಜಾಗದಲ್ಲೇ. ಕಡ್ಡಿಯಿಂದ ಬಿಡಿಸಿ ನೋಡಿದರೆ ಮೀನಿನ ಹುರುಪೆ, ಸಣ್ಣ ಮುಳ್ಳು. ಹಸಿಯಾಗಿದ್ದರೆ ಮೀನಿನ ಗಾಢ ವಾಸನೆ. ಒಣಗಿದ ಮೇಲೆ ಬರೀ ಹುರುಪೆಯ ಬೆಳ್ಳನೆ ಪುಡಿ ಉಳಿಯುತ್ತದೆ. ಪಕ್ಕದ ಮರಳಿನಲ್ಲಿ ಐದು ಬೆರಳಿನ ಹೆಜ್ಜೆ ಸಿಕ್ಕರೆ ಗುರುತು ಇನ್ನೂ ಗಟ್ಟಿ. ನಾಯಿಯ ಹೆಜ್ಜೆಯಲ್ಲಿ ನಾಲ್ಕೇ ಬೆರಳು ಮೂಡುತ್ತವೆ. ದಿನಾಂಕ, ಹೊತ್ತು, ಜಾಗ, ಹಸಿಯೋ ಒಣವೋ, ಹತ್ತಿರದಲ್ಲಿ ಬಲೆ ಹಾಕಿದ್ದಾರಾ, ಮರಳು ತೆಗೆದಿದ್ದಾರಾ ಅನ್ನುವಷ್ಟನ್ನು ವರ್ಷವಿಡೀ ಬರೆದರೆ ಹೊಳೆ ಬತ್ತಿದಾಗ ಪ್ರಾಣಿ ಎಲ್ಲಿಗೆ ಸರಿಯುತ್ತದೆ ಎಂದು ನಿಮಗೇ ತಿಳಿಯತೊಡಗುತ್ತದೆ. ಸಂದರ್ಶನದಲ್ಲಿ ಆ ನೋಟ್‌ಬುಕ್ ಮುಂದಿಟ್ಟು ಮಾತಾಡುವವರಿಗೂ ‘ಚಿಕ್ಕಂದಿನಿಂದ ಪ್ರಕೃತಿ ಪ್ರೀತಿ’ ಎಂದು ಸುಮ್ನೆ ಹೇಳುವವರಿಗೂ ಎಷ್ಟು ವ್ಯತ್ಯಾಸ ಅಲ್ವಾ?

ಎಲ್ಲಿ ಓದುವುದು?

ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ (ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ) ವನ್ಯಜೀವಿ ಜೀವಶಾಸ್ತ್ರ ಮತ್ತು ಸಂರಕ್ಷಣೆಯ ಎಂ.ಎಸ್ಸಿ 2004ರಿಂದ ಇದೆ. ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯದು ಇನ್ನೂ ಹಳೆಯದು. ಎರಡರಲ್ಲೂ ಸೀಟು ತೀರಾ ಕಡಿಮೆ. ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ. ಇಂಥ ಕೋರ್ಸ್‌ಗಳಿಗೆ ಪ್ರತಿ ವರ್ಷವೂ ಪ್ರವೇಶ ಇರುತ್ತದೆ ಎಂದುಕೊಳ್ಳಬೇಡಿ. ಯಾವ ವರ್ಷ ಅರ್ಜಿ ಕರೆಯುತ್ತಾರೆ ಎಂದು ಮೊದಲೇ ನೋಡಿ ಲೆಕ್ಕ ಹಾಕಿಕೊಳ್ಳಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ಮತ್ತು ನಿರ್ವಹಣೆ ಎಂ.ಎಸ್ಸಿ ಇದೆ, ಖರ್ಚು ನಮ್ಮವರ ಕೈಗೆಟಕುವಂಥದ್ದು. ಪುದುಚೇರಿ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನ ವಿಭಾಗವೂ ಒಳ್ಳೆಯದು, ಅದಕ್ಕೆ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಮನೆ ಬಿಟ್ಟು ಹೋಗಲು ಆಗದಿದ್ದರೆ ಹತ್ತಿರದಲ್ಲೇ ಪ್ರಾಣಿಶಾಸ್ತ್ರ ಅಥವಾ ಸಸ್ಯಶಾಸ್ತ್ರ ತೆಗೆದುಕೊಂಡು, ಪ್ರಾಜೆಕ್ಟನ್ನು ಮಾತ್ರ ಪರಿಸರದ ವಿಷಯದಲ್ಲಿ ಮಾಡಿ. ಹೀಗೆ ಓದಿದವರು ಹಿಂದೆ ಬೀಳುತ್ತಾರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರವನ್ನು ಮರೆಯಬೇಡಿ. ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ನಮ್ಮ ಭಾಗದ ಸಂಸ್ಥೆಗಳಲ್ಲಿ ಶೇ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಮೀಸಲು. ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ. ಕೊನೇ ವಾರದಲ್ಲಿ ಓಡಾಡುವ ಬದಲು ಆರು ತಿಂಗಳು ಮೊದಲೇ ಮಾಡಿಸಿಟ್ಟುಕೊಳ್ಳಿ. ರಾಷ್ಟ್ರಮಟ್ಟದ ಸಂಸ್ಥೆಗಳಿಗೆ ಇದು ನಡೆಯುವುದಿಲ್ಲ.

ತಯಾರಿ

ಹುಲಿ, ಆನೆಯ ಹೆಸರು ಗೊತ್ತಿದ್ದರೆ ಸಾಲದು. ಒಂದು ಪ್ರಭೇದ ಯಾಕೆ ಇಲ್ಲಿದೆ, ಅಲ್ಲಿಲ್ಲ? ಎಣಿಸುವಾಗ ಕಣ್ತಪ್ಪಿದವುಗಳನ್ನು ಲೆಕ್ಕಕ್ಕೆ ಹೇಗೆ ತರುವುದು? ಪ್ರಶ್ನೆಗಳು ಇಂಥವು. ಅದಕ್ಕೆ ವಿಕಾಸವಾದ, ಪರಿಸರ ವಿಜ್ಞಾನದ ಮೂಲಪಾಠ, ಸಂಖ್ಯಾಶಾಸ್ತ್ರ ಮೂರೂ ಬೇಕು. ನಮ್ಮ ಹುಡುಗರು ಹೆದರುವುದು ಮೂರನೆಯದಕ್ಕೆ. ‘ಆರ್’ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡು ನಿಮ್ಮದೇ ಕೆರೆಯ ಹಕ್ಕಿ ಲೆಕ್ಕವನ್ನು ತಿಂಗಳುವಾರು ಗ್ರಾಫ್ ಮಾಡಿ ನೋಡಿ, ಭಯ ಅರ್ಧ ಹೋಗುತ್ತದೆ. ನಕ್ಷೆಗೆ ಕ್ಯೂಜಿಐಎಸ್ ಇದೆ, ಅದೂ ಉಚಿತ. ಕನ್ನಡ ಮಾಧ್ಯಮದಲ್ಲಿ ಓದಿದವರು ದಿನಾ ಒಂದು ಪ್ಯಾರಾ ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಪ್ರಾಜೆಕ್ಟ್ ಮತ್ತು ಅನುಮತಿ

ಅಭಯಾರಣ್ಯದ ಒಳಗೆ ಅಧ್ಯಯನ ಮಾಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಬರಲು ತಿಂಗಳುಗಳೇ ಹಿಡಿಯಬಹುದು, ಪ್ರಾಜೆಕ್ಟಿಗೆ ಇರುವ ಸಮಯವೂ ಕೆಲವೇ ತಿಂಗಳು. ಹಾಗಾಗಿ ಒಂದು ವಿಷಯವನ್ನು ಅಭಯಾರಣ್ಯದ ಹೊರಗೂ ಯೋಚಿಸಿಟ್ಟಿರಿ. ಸಿಂಧನೂರು, ಗಂಗಾವತಿಯ ಭತ್ತದ ಗದ್ದೆಗಳಲ್ಲಿ ಯಾವ ನೀರಹಕ್ಕಿಗಳು ಉಳಿಯುತ್ತವೆ, ಔಷಧಿ ಹೊಡೆದ ಮೇಲೆ ಏನಾಗುತ್ತದೆ? ಟಿಬಿ (ತುಂಗಭದ್ರಾ) ಡ್ಯಾಂ ಹಿನ್ನೀರಿಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಯಾವ ಹೊಲಕ್ಕೆ ಮೇಯಲು ಹೋಗುತ್ತವೆ?

ತೋಳದ ಮೇಲೆ ಮಾಡುವುದಾದರೆ ಕುರಿಗಾಹಿಗಳ ಹತ್ತಿರ ಕೂತು ಮಾತಾಡದೆ ಆಗುವುದೇ ಇಲ್ಲ. ಕುರಿ ಹೋಗುವುದು ಅವರದ್ದು. ತೋಳ ಯಾವ ಹೊತ್ತಿಗೆ ಬರುತ್ತದೆ, ಯಾವ ಹಳ್ಳದ ಗುಂಟ ಬರುತ್ತದೆ ಅಂತ ಗೊತ್ತಿರುವುದೂ ಅವರಿಗೇ. ಪ್ರಶ್ನಾವಳಿ ಹಿಡಿದುಕೊಂಡು ನೇರ ಹೋಗಬೇಡಿ. ಎರಡು ದಿನ ಹಟ್ಟಿಯಲ್ಲಿ ಸುಮ್ನೆ ಇದ್ದು, ಪರಿಹಾರದ ಹಣ ಕೊಡಿಸಲು ಬಂದವರಲ್ಲ ಎಂದು ಸ್ಪಷ್ಟವಾಗಿ ಹೇಳಿ, ಆಮೇಲೆ ಕೇಳಿ. ಪ್ರಾಜೆಕ್ಟ್ ಮುಗಿದ ಮೇಲೆ ಏನು ಗೊತ್ತಾಯಿತು ಎಂದು ಅವರಿಗೂ ಕನ್ನಡದಲ್ಲೇ ಹೋಗಿ ಹೇಳಿ.

ಕೆಲಸ ಸಿಗುತ್ತಾ?

ಮನೆಯವರು ಕೇಳುವುದು ಇದನ್ನೇ, ಕೇಳಲೇಬೇಕು. ಮೊದಲ ಕೆಲಸ ಸಾಮಾನ್ಯವಾಗಿ ಸಂಶೋಧನಾ ಸಹಾಯಕರದ್ದು, ಸಂಬಳ ದೊಡ್ಡದಲ್ಲ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಾಸಾದರೆ 2023ರ ದರದಂತೆ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ, ಪಿಎಚ್‌ಡಿಗೆ ದಾರಿಯಾಗುತ್ತದೆ. ಇನ್ನು ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಳಿಗಳ ದಾಖಲಾತಿ ಮಾಡಬೇಕು ಎನ್ನುತ್ತದೆ 2002ರ ಜೀವವೈವಿಧ್ಯ ಕಾಯ್ದೆ. ಅದನ್ನು ಸರಿಯಾಗಿ ಮಾಡಬಲ್ಲವರು ಬೇಕು. ಸಂಡೂರಿನಲ್ಲಂತೂ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ, ಗಣಿಗಳು ಪುನಶ್ಚೇತನ ಯೋಜನೆ ಮಾಡಿಯೇ ಮತ್ತೆ ಶುರುವಾಗಬೇಕಾಯಿತು. ಕೆಮ್ಮಣ್ಣಿನ ರಾಶಿಯ ಮೇಲೆ ಯಾವ ಹುಲ್ಲು ಮೊದಲು ಹಿಡಿಯುತ್ತದೆ, ಯಾವ ಗಿಡ ನೆಟ್ಟರೆ ಹಕ್ಕಿ ವಾಪಸ್ ಬರುತ್ತದೆ ಎಂದು ನೋಡಿ ಹೇಳುವ ಕೆಲಸಕ್ಕೆ, ಆ ಗುಡ್ಡಗಳನ್ನು ಚಿಕ್ಕಂದಿನಿಂದ ಹತ್ತಿಳಿದ ಸಂಡೂರಿನ ಹುಡುಗ ಹುಡುಗಿಯರೇ ಓದಿಕೊಂಡು ಬಂದರೆ ಚೆನ್ನ.